ಮಳೆ ದಫ್ತರ: ತಗ್ಗಿನ ಬೀದಿಯ ಮಾತನ್ನು ಎಐ ನೆರವಿನಿಂದ ದಾಖಲಿಸುವ ಬಗೆ

ಬೆಂಗಳೂರಿನ ನಮ್ಮ ಬೀದಿಯ ಮಳೆಯ ವಿಷಯ ಇಸ್ತ್ರಿ ಅಂಗಡಿಯ ಅಣ್ಣನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ನೀರು ಮೊದಲು ಏರುವುದು ಯಾವ ಮೂಲೆಯಲ್ಲಿ, ಉಕ್ಕುವುದು ಯಾವ ಚೇಂಬರ್, ಎಷ್ಟು ಹೊತ್ತು ಸುರಿದರೆ ಬಟ್ಟೆಗಂಟುಗಳನ್ನು ಅಟ್ಟಕ್ಕೆ ಹಾಕಬೇಕು, ಎಲ್ಲವೂ ಅವರ ತಲೆಯಲ್ಲಿದೆ. ಯಾವ ಕಡತದಲ್ಲೂ ಇಲ್ಲ. ಬೀದಿಯ ಮೇಲ್ತುದಿಯ ಅಪಾರ್ಟ್‌ಮೆಂಟಿನವರು ಫೋಟೊ ಹಾಕಿ, ಇಂಗ್ಲಿಷಿನಲ್ಲಿ ಮೇಲ್ ಬರೆದು, ಆ್ಯಪ್‌ನಲ್ಲಿ ದೂರು ದಾಖಲಿಸುತ್ತಾರೆ. ಹಾಗಾಗಿ ನೀರು ನಿಲ್ಲುವ ಜಾಗಗಳ ಪಟ್ಟಿಯಲ್ಲಿ ಮೇಲ್ತುದಿಗೆ ಸ್ಥಾನ ಸಿಕ್ಕಿತು. ಮೊಣಕಾಲುದ್ದ ನೀರು ನಿಲ್ಲುವ ಕೆಳತುದಿ ಅದರಲ್ಲಿ ಬರಲೇ ಇಲ್ಲ.

ಕೃತಕ ಬುದ್ಧಿಮತ್ತೆ, ಅಂದರೆ ನಾವೆಲ್ಲ ಎಐ ಎನ್ನುವುದು, ಕಲಿಯುವುದು ಇಂಥ ದಾಖಲೆಗಳಿಂದಲೇ. ದಾಖಲೆಯಲ್ಲಿ ಇಲ್ಲದ ತಗ್ಗು ಅದರ ಲೆಕ್ಕದಲ್ಲಿ ಒಣನೆಲ. ಮುಂದೆ ಯಾವ ಕಾಲುವೆಗೆ ಮೊದಲು ದುಡ್ಡು ಕೊಡಬೇಕೆಂದು ಕಂಪ್ಯೂಟರನ್ನು ಕೇಳಿ ತೀರ್ಮಾನಿಸಿದರೆ, ಇಸ್ತ್ರಿ ಅಂಗಡಿ ಇನ್ನೂ ಒಮ್ಮೆ ನೆನೆಯುತ್ತದೆ. ಆದರೆ ಇದೇ ಎಐಗೆ ಇನ್ನೊಂದು ಕಸುಬೂ ಬರುತ್ತದೆ: ಕನ್ನಡದಲ್ಲಿ ಆಡಿದ ಮಾತನ್ನು ಬರಹಕ್ಕೆ ಇಳಿಸುವುದು. ಓದು ಬರಹ ಇಲ್ಲದವರ, ಇಂಗ್ಲಿಷ್ ಬಾರದವರ, ಸ್ಮಾರ್ಟ್‌ಫೋನ್ ಇಲ್ಲದವರ ತಿಳಿವಳಿಕೆಯನ್ನು ಕಚೇರಿ ಓದುವಂಥ ಕಾಗದ ಮಾಡಲು ಈ ಕಸುಬು ಸಾಕು. ಅದನ್ನು ಯಾರಿಗೂ ಕೇಡಾಗದ ಹಾಗೆ ಮಾಡುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ಬೇಕಾದದ್ದು ನಾಲ್ಕೈದು ಜನ, ಒಂದು ಸ್ಮಾರ್ಟ್‌ಫೋನ್, ಒಂದು ನೋಟ್‌ಬುಕ್, ಒಂದು ಮಳೆಗಾಲ. ನಾವು ಇದಕ್ಕೆ ಮಳೆ ದಫ್ತರ ಎಂದು ಹೆಸರಿಟ್ಟಿದ್ದೇವೆ.

1. ಮೊದಲು ಪ್ರಶ್ನೆ ಬರೆಯಿರಿ

ಎಐ ತೆರೆಯುವ ಮುಂಚೆ ನೋಟ್‌ಬುಕ್ ತೆರೆಯಿರಿ. ನಿಮಗೆ ಗೊತ್ತಾಗಬೇಕಾದ್ದು ಏನೆಂದು ಒಂದೇ ಸಾಲಿನಲ್ಲಿ ಬರೆಯಿರಿ. ನಮ್ಮ ಸಾಲು ಇದು: ಎಷ್ಟು ಮಳೆ ಬಿದ್ದರೆ ನಮ್ಮ ಬೀದಿಯ ಯಾವ ಜಾಗದಲ್ಲಿ ಎಷ್ಟು ನೀರು, ಎಷ್ಟು ಹೊತ್ತು ನಿಲ್ಲುತ್ತದೆ? ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತು ನಮ್ಮ ಮನೆಬಾಗಿಲಿಗೆ ಬರುವುದು ಈ ರೂಪದಲ್ಲೇ. ನಿಮ್ಮ ಬೀದಿಯಲ್ಲಿ ಪ್ರಶ್ನೆ ಬೇರೆ ಇರಬಹುದು, ಟ್ಯಾಂಕರ್ ನೀರು, ಕಸ ಸುಡುವ ಹೊಗೆ, ತಗಡಿನ ಮನೆಯ ಬಿಸಿಲ ಧಗೆ. ಒಂದನ್ನು ಮಾತ್ರ ಹಿಡಿಯಿರಿ.

ಆಮೇಲೆ ಎಐ ಬೇಡವಾದ ಕೆಲಸಗಳನ್ನು ಪಕ್ಕಕ್ಕಿಡಿ. ಕೂಡುವುದು, ಸರಾಸರಿ ತೆಗೆಯುವುದು, ದಿನಾಂಕದ ಪ್ರಕಾರ ಜೋಡಿಸುವುದು ಇವಕ್ಕೆ ಎಕ್ಸೆಲ್ ಹಾಳೆ ಸಾಕು, ಕೈಲೆಕ್ಕವೂ ಸಾಕು. ಇದರಲ್ಲಿ ಜಿಪುಣತನ ಒಳ್ಳೆಯದು. ಎಐ ಓಡುವುದು ಡೇಟಾ ಸೆಂಟರ್ ಎಂಬ ದೊಡ್ಡ ಕಂಪ್ಯೂಟರ್ ಕೇಂದ್ರಗಳಲ್ಲಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ನುಂಗಿದ ವಿದ್ಯುತ್ ಸುಮಾರು 415 ಟೆರಾವ್ಯಾಟ್ ಅವರ್, ಅಂದರೆ ಜಗತ್ತಿನ ಬಳಕೆಯ ನೂರಕ್ಕೆ ಒಂದೂವರೆ ಪಾಲು. 2030ರ ಹೊತ್ತಿಗೆ ಅದು ಎರಡು ಪಟ್ಟಿಗೂ ಹೆಚ್ಚಾಗಬಹುದು ಎಂದು ಅದೇ ಸಂಸ್ಥೆ ಹೇಳುತ್ತದೆ. ಗೂಗಲ್ 2025ರಲ್ಲಿ ತಾನೇ ಕೊಟ್ಟ ಲೆಕ್ಕದಂತೆ ಅದರ ಎಐ ಜೆಮಿನಿಗೆ ಹಾಕುವ ಒಂದು ಸಾಮಾನ್ಯ ಬರಹದ ಪ್ರಶ್ನೆಗೆ 0.24 ವ್ಯಾಟ್ ಅವರ್ ವಿದ್ಯುತ್, 0.26 ಮಿಲಿಲೀಟರ್ ನೀರು. ಒಂದು ಪ್ರಶ್ನೆಗೆ ಅದು ಚಿಕ್ಕದೇ. ಆದರೆ ಚಿತ್ರ, ವಿಡಿಯೊ ಮಾಡಿಸಲು ಹೊರಟರೆ ಖರ್ಚು ಏರುತ್ತದೆ. ಪರಿಸರ ದಿನಕ್ಕೆ ಎಐ ಕೈಲಿ ಹತ್ತು ಪೋಸ್ಟರ್ ಬರೆಸುವ ಬದಲು ಬೀದಿಯ ಮಕ್ಕಳ ಕೈಗೆ ಬಣ್ಣ ಕೊಡಿ. 2024ರ ಬೇಸಿಗೆಯಲ್ಲಿ ಬೋರುಗಳು ಬತ್ತಿ ಕೊಡ ಹಿಡಿದು ಸಾಲು ನಿಂತ ಊರು ನಮ್ಮದು.

2. ನೆಲ ಓದಿಕೊಳ್ಳಿ

ಈ ಹಂತವನ್ನು ಹಾರಿಸುವವರೇ ಹೆಚ್ಚು. ಮುಂದೆ ಎಐ ತಪ್ಪು ಹೇಳಿದಾಗ ಅದು ತಪ್ಪೆಂದು ಗುರುತಿಸುವ ಕಣ್ಣು ನಿಮಗೆ ಬರುವುದು ಇಲ್ಲಿಯೇ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ, ದಿಬ್ಬದ ಬೆನ್ನ ಮೇಲೆ ಕೂತ ಊರು. ದೊಡ್ಡ ಹೊಳೆ ಹತ್ತಿರ ಇಲ್ಲ. ಬಿದ್ದ ಮಳೆ ಮೂರು ಕಣಿವೆಗಳಿಗೆ ಇಳಿಯುತ್ತದೆ: ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ. ವೃಷಭಾವತಿಯ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ, ಉಳಿದೆರಡರದ್ದು ದಕ್ಷಿಣ ಪಿನಾಕಿನಿಯತ್ತ. ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದ್ದರು, ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಸರಪಳಿಯ ಕೊಂಡಿ ಕಳಚಿದ ಕಡೆ ನೀರು ರಸ್ತೆ ಹಿಡಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಮಹದೇವಪುರದ ಕಡೆ ಜನ ಟ್ರ್ಯಾಕ್ಟರ್, ದೋಣಿ ಹತ್ತಿದ್ದು ಇದರಿಂದಲೇ.

ನಿಮ್ಮ ಬೀದಿ ಯಾವ ಕಣಿವೆಯದೆಂದು ಗುರುತು ಹಾಕಿಕೊಳ್ಳಿ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ನೀವಿರುವ ಜಾಗದ ಸರ್ವೆ ನಂಬರ್ ನೋಡಿ. ಕೆರೆ, ಕಾಲುವೆ, ಖರಾಬು (ಸಾಗುವಳಿಗೆ ಬಾರದ) ಜಾಗಗಳು ಹಳೆಯ ಗ್ರಾಮನಕ್ಷೆಯ ಗೆರೆಗಳಲ್ಲಿ ಕಾಣುತ್ತವೆ. ಊರ ಹೆಸರುಗಳನ್ನೂ ಕೇಳಿ. ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರಗಳ ‘ಸಂದ್ರ’ ಎಂದರೆ ಸಮುದ್ರ, ಅಂದರೆ ಕೆರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಇದನ್ನೆಲ್ಲ ಬಲ್ಲ ಹಿರಿಯರು ಬೀದಿಗೆ ಒಬ್ಬರಾದರೂ ಇರುತ್ತಾರೆ. ಅವರ ಜತೆ ಒಂದು ಸಂಜೆ ನಡೆದಾಡಿ ಬನ್ನಿ.

ಮಳೆಯ ಲೆಕ್ಕಕ್ಕೆ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ತುಂಬ ಇವೆ. ಆ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯ ಜತೆಗೂಡಿ ತಂದ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್‌ನಲ್ಲಿ ಹತ್ತಿರದ ಮಾಪಕದ ಅಂಕಿ ಸಿಗುತ್ತದೆ. ಪ್ರವಾಹದ ಮುನ್ಸೂಚನೆ ಕೊಡುವ ಗೂಗಲ್‌ನ ಎಐ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು 2018ರಲ್ಲಿ ಪಾಟ್ನಾದಲ್ಲಿ ಶುರುವಾದದ್ದು, ನದಿ ಉಕ್ಕುವುದನ್ನು ಲೆಕ್ಕ ಹಾಕಲು ಕಟ್ಟಿದ್ದು. ನಮ್ಮಲ್ಲಿ ಉಕ್ಕುವುದು ಮೋರಿ. ಒಂದು ಊರಿನ ಕಷ್ಟಕ್ಕೆ ಹೊಲಿದ ಅಂಗಿ ಇನ್ನೊಂದು ಊರಿಗೆ ಆಗಿಬರುವುದಿಲ್ಲ.

ನಿಮ್ಮದೇ ಮಾಪಕವೂ ಒಂದು ಇರಲಿ. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ನೇರ ಗೋಡೆಯ ಡಬ್ಬಿಯೊಂದನ್ನು ತಾರಸಿಯಲ್ಲಿ, ಗೋಡೆ ಮರಗಳಿಂದ ದೂರ, ಅಲುಗದಂತೆ ಇಡಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆದು ಚೆಲ್ಲಿ. ಡಬ್ಬಿಯಲ್ಲಿ ಎಷ್ಟು ಮಿಲಿಮೀಟರ್ ನೀರಿದೆಯೋ ಅಷ್ಟು ಮಿಲಿಮೀಟರ್ ಮಳೆ.

3. ಯಾರ ಮಾತು ಬೇಕು ಎಂದು ತೀರ್ಮಾನಿಸಿ

ವಾಟ್ಸ್ಆ್ಯಪ್ ಗುಂಪಿನಲ್ಲಿ ‘ನೀರು ನುಗ್ಗಿದವರು ಹೇಳಿ’ ಎಂದು ಹಾಕಿದರೆ ಉತ್ತರ ಬರುವುದು ಗುಂಪಿನಲ್ಲಿ ಇರುವವರಿಂದ. ನಾವು ಮೊದಲು ಮಾಡಿದ ತಪ್ಪು ಅದೇ. ಹದಿನಾಲ್ಕು ಉತ್ತರ ಬಂದವು, ಹದಿಮೂರು ಎತ್ತರದ ತುದಿಯ ಕಾರು ಮಾಲೀಕರದ್ದು.

ಆಮೇಲೆ ಕ್ರಮ ತಿರುಗಿಸಿದೆವು. ನೆಲದ ಅತ್ಯಂತ ತಗ್ಗಿನಿಂದ ಶುರು ಮಾಡಿ ಮೇಲಕ್ಕೆ ನಡೆದೆವು. ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕ, ಹೂ ಕಟ್ಟುವ ಅಜ್ಜಿ, ನೆಲಮಾಳಿಗೆಯಲ್ಲಿ ಮಲಗುವ ವಾಚ್‌ಮನ್, ಆಟೊ ನಿಲ್ದಾಣದವರು, ಗುಜರಿ ಅಂಗಡಿಯವರು, ತಗಡಿನ ಶೆಡ್ಡಿನಲ್ಲಿರುವ ಕಟ್ಟಡ ಕೆಲಸದವರು. ಕಟ್ಟಡ ಕೆಲಸದವರಲ್ಲಿ ಉತ್ತರ ಕರ್ನಾಟಕದವರ ಮಾತು ನಮ್ಮ ಬೆಂಗಳೂರು ಕನ್ನಡದ ಹಾಗಿಲ್ಲ, ಕೆಲವರದ್ದು ತೆಲುಗು, ಕೆಲವರದ್ದು ಹಿಂದಿ. ಯಾರ ಬಾಯಲ್ಲಿ ಯಾವ ನುಡಿ ಸಲೀಸೋ ಅದರಲ್ಲೇ ಹೇಳಲಿ. ಫೋನಿಲ್ಲದವರ ಬಳಿ ನೀವೇ ಹೋಗಿ. ಕೀಪ್ಯಾಡ್ ಫೋನ್ ಇದ್ದವರಿಗೆ ಒಂದು ಮಿಸ್ಡ್ ಕಾಲ್ ಕೊಡಿ ಅನ್ನಿ, ತಿರುಗಿ ನೀವು ಕರೆ ಮಾಡಿ. ಹೆಂಗಸರ ಮಾತಿಗೆ ಹೆಂಗಸರೇ ಹೋಗುವುದು ಒಳ್ಳೆಯದು, ಕಕ್ಕಸು ಉಕ್ಕಿ ಮನೆಯೊಳಗೆ ಬಂದ ಕಥೆಯನ್ನು ಗಂಡಸರ ಮುಂದೆ ಯಾರೂ ಬಿಚ್ಚಿ ಹೇಳುವುದಿಲ್ಲ. ಮಳೆಯ ದಿನದ ದೊಡ್ಡ ಕಷ್ಟ ಬಹಳ ಮನೆಗಳಲ್ಲಿ ಅದೇ.

ಅವರ ಹೊತ್ತಿಗೂ ಬೆಲೆ ಇದೆ. ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಎಐಗೆ ಕಲಿಸಲು ಕನ್ನಡದ ಧ್ವನಿ ಸಂಗ್ರಹಿಸುವಾಗ ಮಾತಾಡಿದವರಿಗೆ ಕೂಲಿ ಕೊಟ್ಟು ದಾರಿ ತೋರಿಸಿದೆ. ಬೀದಿಯ ಗುಂಪಿಗೆ ಅಷ್ಟು ಶಕ್ತಿ ಇಲ್ಲದಿರಬಹುದು. ವ್ಯಾಪಾರದ ಹೊತ್ತು ತಪ್ಪಿಸಿ ಹೋಗುವುದು, ಅರ್ಧ ಗಂಟೆ ಕೂರಿಸಿದರೆ ಆ ದಿನ ಅವರ ಹೂವನ್ನು ನೀವೇ ಕೊಳ್ಳುವುದು, ಇಷ್ಟಾದರೂ ಮಾಡಿ.

4. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ, ಪೂರ್ತಿ ತಿಳಿಸಿ ಪಡೆಯಿರಿ

ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯ ಮಾತು ಸರಳವಾಗಿರಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದಲು ಸಿಗಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲು ಬರಬೇಕು ಎನ್ನುತ್ತದೆ. 18 ತುಂಬದ ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕು. ನಾವು ಮಕ್ಕಳ ಧ್ವನಿ ತೆಗೆದುಕೊಳ್ಳುವುದೇ ಇಲ್ಲ.

ನಾವು ಹೇಳುವುದು ಹೀಗೆ. ಬೇಕಾದರೆ ಇದ್ದ ಹಾಗೆಯೇ ಬಳಸಿ:

‘ಅಕ್ಕಾ, ಮಳೆ ಬಂದಾಗ ಇಲ್ಲಿ ಏನಾಗುತ್ತೆ ಅಂತ ನಿಮ್ಮ ಮಾತಲ್ಲೇ ರೆಕಾರ್ಡ್ ಮಾಡ್ಕೊತೀವಿ. ಅದನ್ನ ಒಂದು ಕಂಪ್ಯೂಟರ್ ಪ್ರೋಗ್ರಾಮ್ ಬರವಣಿಗೆ ಮಾಡಿಕೊಡುತ್ತೆ. ಆ ಪ್ರೋಗ್ರಾಮ್ ನಮ್ಮದಲ್ಲ, ಬೇರೆಯವರದು. ನಿಮ್ಮ ಹೆಸರು, ಮನೆ ನಂಬರ್ ಎಲ್ಲೂ ಬರೆಯಲ್ಲ. ಬರೆದ ಮೇಲೆ ನಿಮಗೆ ಓದಿ ಹೇಳ್ತೀವಿ, ನೀವು ಸರಿ ಅಂದ ಮೇಲೇನೇ ಕಾಗದಕ್ಕೆ ಹಾಕ್ತೀವಿ. ಆಮೇಲೆ ಬೇಡ ಅನ್ನಿಸಿದ್ರೂ ಹೇಳಿ, ತೆಗೆದುಬಿಡ್ತೀವಿ. ಈಗಲೇ ಬೇಡ ಅಂದ್ರೂ ಏನೂ ಬೇಜಾರಿಲ್ಲ. ಇದರಿಂದ ಮೋರಿ ಸರಿ ಹೋಗುತ್ತೆ ಅಂತ ಮಾತು ಕೊಡಕ್ಕಾಗಲ್ಲ, ಪ್ರಯತ್ನ ಮಾಡ್ತೀವಿ.’

ಕೊನೆಯ ವಾಕ್ಯ ಬಿಡಬೇಡಿ. ಆಸೆ ಹುಟ್ಟಿಸಿ ಮಾತು ಪಡೆದು ಹೋದವರನ್ನು ಈ ಜನ ಬಹಳ ನೋಡಿದ್ದಾರೆ.

ಇನ್ನೊಂದು ಉಪಾಯ ನಮಗೆ ತುಂಬ ಒದಗಿತು. ಹೊರಗಿನ ಸರ್ವರಿಗೆ, ಅಂದರೆ ಎಐ ಕಂಪನಿಯ ಕಂಪ್ಯೂಟರಿಗೆ, ಒಮ್ಮೆ ಹೋದ ಧ್ವನಿಯನ್ನು ಅಲ್ಲಿಂದ ಅಳಿಸುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಅಜ್ಜಿ ಹೇಳಿದ್ದನ್ನು ನಮ್ಮಲ್ಲೊಬ್ಬರು ಕಿವಿಗೆ ಹಾಕಿಕೊಂಡು, ಅದೇ ಪದಗಳಲ್ಲಿ ತಮ್ಮ ದನಿಯಲ್ಲಿ ಮರುನುಡಿದು ರೆಕಾರ್ಡ್ ಮಾಡುತ್ತಾರೆ. ಎಐಗೆ ಹೋಗುವುದು ಆ ದನಿ. ಅಜ್ಜಿಯ ದನಿ ಒಂದೇ ಫೋನಿನಲ್ಲಿ ಉಳಿದು, ತಿಂಗಳ ಕೊನೆಗೆ ಅಳಿಯುತ್ತದೆ. ಮಳೆಯ ಸದ್ದು, ಹಾರ್ನಿನ ಸದ್ದು ಕಳೆದು ಎಐ ಕಿವಿಗೂ ಮಾತು ಸ್ಪಷ್ಟವಾಗುತ್ತದೆ. ಹೊರಗೆ ಕಳಿಸುವುದೇ ಬೇಡ ಎನ್ನುವವರು, ಕಂಪ್ಯೂಟರ್ ಬಲ್ಲ ಮಕ್ಕಳು ಗುಂಪಿನಲ್ಲಿದ್ದರೆ, ಐಐಟಿ ಮದ್ರಾಸಿನ ಎಐ ಫಾರ್ ಭಾರತ್ ಗುಂಪು ಹೊರತಂದಿರುವ ಮುಕ್ತ ಮಾದರಿಗಳನ್ನು (ಯಾರು ಬೇಕಾದರೂ ಬಳಸಬಹುದಾದ ಎಐ ಪ್ರೋಗ್ರಾಮ್‌ಗಳನ್ನು) ತಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು.

5. ಕೇಳುವುದು ಐದೇ ಪ್ರಶ್ನೆ

ಎಲ್ಲಿ, ಯಾವಾಗ ಶುರುವಾಯಿತು, ಎಷ್ಟು ಎತ್ತರ ಬಂತು, ಎಷ್ಟು ಹೊತ್ತಿಗೆ ಇಳಿಯಿತು, ಏನು ಹಾಳಾಯಿತು. ಎತ್ತರವನ್ನು ಅಡಿ ಇಂಚಿನಲ್ಲಿ ಕೇಳಬೇಡಿ. ‘ಎಷ್ಟನೇ ಮೆಟ್ಟಿಲು?’, ‘ಗ್ಯಾಸ್ ಸಿಲಿಂಡರಿನ ಎಲ್ಲಿಗೆ?’ ಎಂದು ಕೇಳಿ, ಆಮೇಲೆ ನೀವು ಟೇಪಿನಿಂದ ಅಳೆಯಿರಿ. ನಮ್ಮ ಪೌರಕಾರ್ಮಿಕ ಅಕ್ಕ ‘ಪೊರಕೆ ಹಿಡಿಯೋ ಜಾಗದವರೆಗೆ’ ಅಂದರು. ಅಳೆದಾಗ ಎರಡು ಅಡಿ ಚಿಲ್ಲರೆ. ನಿಮ್ಮದೇ ಕಾಂಪೌಂಡಿನ ಹೊರಗೋಡೆಗೆ 10 ಸೆಂಟಿಮೀಟರಿಗೊಂದು ಗೆರೆ ಬಳಿದರೆ ಮುಂದಿನ ಮಳೆಗೆ ಅಳತೆಯ ಕಷ್ಟವೇ ಇಲ್ಲ.

ಮಳೆ ಸುರಿಯುವಾಗ ಅಳೆಯಲು ನೀರಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ನೀರಿನಲ್ಲಿ ತಂತಿ ಬಿದ್ದಿದ್ದರೆ, ಕಂಬ ಜುಮ್ಮೆಂದರೆ ಮೊದಲು ಬೆಸ್ಕಾಂ 1912ಕ್ಕೆ ಕರೆ.

6. ಎಐಗೆ ಕೊಡುವಾಗ

ಕೇಂದ್ರ ಸರ್ಕಾರದ ಭಾಷಿಣಿ, ಜೆಮಿನಿ, ಚಾಟ್‌ಜಿಪಿಟಿ, ಫೋನಿನ ಕೀಬೋರ್ಡಿನಲ್ಲಿರುವ ಮೈಕು, ಯಾವುದಾದರೂ ಆದೀತು. ಎರಡರಲ್ಲಿ ಒಂದೇ ತುಣುಕನ್ನು ಹಾಕಿ ನೋಡಿ, ನಿಮ್ಮ ಬೀದಿಯ ಕನ್ನಡ ಯಾವುದಕ್ಕೆ ಹೆಚ್ಚು ತಿಳಿಯುತ್ತದೋ ಅದನ್ನು ಇಟ್ಟುಕೊಳ್ಳಿ. ಆದೇಶ ಕೊಡಲು ಬರುವ ಎಐ ಆದರೆ ಆದೇಶ ಕನ್ನಡದಲ್ಲೇ ಇರಲಿ. ನಮ್ಮದು ಇದು:

‘ಈ ಧ್ವನಿಯನ್ನು ಆಡಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆ. ಭಾಷೆ ತಿದ್ದಬೇಡ, ಸಾರಾಂಶ ಮಾಡಬೇಡ, ಊಹಿಸಬೇಡ. ಕೇಳಿಸದ ಕಡೆ ಕೇಳಿಸಲಿಲ್ಲ ಎಂದು ಬರೆ. ಸಂಖ್ಯೆಗಳನ್ನು ಮಾತಿನಲ್ಲಿ ಇದ್ದಂತೆಯೇ ಬಿಡು. ಈ ಪದಗಳು ಬರಬಹುದು: ಕೋಡಿ, ತೂಬು, ಏರಿ, ರಾಜಕಾಲುವೆ, ಮೋರಿ, ಚೇಂಬರ್, ಸಂಪು, ಬೋರು, ಹೂಳು, ಜಗಲಿ.’

ಪದಪಟ್ಟಿ ಕೊಡುವುದು ಕಡ್ಡಾಯ ಎಂದೇ ತಿಳಿಯಿರಿ. ಕೊಡದೇ ಹೋದಾಗ ‘ಕೆರೆ ಕೋಡಿ ಬಿತ್ತು’ ಎಂದದ್ದನ್ನು ಏನೋ ಮುರಿದು ಬಿತ್ತು ಎಂದು ಬರೆದುಕೊಟ್ಟಿತು. ‘ಏರಿ ಮೇಲೆ ನೀರಿತ್ತು’ ಎಂಬಲ್ಲಿ ಕೆರೆಯ ಏರಿ ಮಾಯವಾಗಿ, ಯಾರೋ ಮೇಲೆ ಏರಿದರು ಎಂದಾಯಿತು. ಅತಿ ಹೆಚ್ಚು ಎಡವಿದ್ದು ಅಳತೆಯಲ್ಲಿ: ಒಂದೂಕಾಲು, ಒಂದೂವರೆ, ಮುಕ್ಕಾಲು. ಒಂದೂವರೆ ಅಡಿ ಒಂದು ಅಡಿಯಾದರೆ ದಫ್ತರದ ಬೆಲೆಯೇ ಹೋಯಿತು. ಇನ್ನೊಂದು ‘ಮೊನ್ನೆ’. ನಮ್ಮ ಬಾಯಲ್ಲಿ ಮೊನ್ನೆ ಎಂದರೆ ನಿನ್ನೆಯ ಹಿಂದಿನ ದಿನವೂ ಹೌದು, ಹೋದ ತಿಂಗಳೂ ಹೌದು. ಎಐ ಅದನ್ನು ಲೆಕ್ಕ ಹಾಕಿ ದಿನಾಂಕವನ್ನೇ ಬರೆದುಬಿಡುತ್ತದೆ, ಅದೂ ಅನುಮಾನವೇ ಇಲ್ಲದ ಧಾಟಿಯಲ್ಲಿ. ಧ್ವನಿಯನ್ನು ಬರಹ ಮಾಡುವ ಮಾದರಿಗಳಿಗೆ ಮಾತಿಲ್ಲದ ಜಾಗದಲ್ಲೂ ಒಮ್ಮೊಮ್ಮೆ ವಾಕ್ಯ ಹುಟ್ಟಿಸುವ ಚಾಳಿಯಿದೆ. ತಗಡಿನ ಮೇಲೆ ಮಳೆ ಬಿದ್ದ ಸದ್ದಿನ ಜಾಗಗಳನ್ನು ತಪ್ಪದೆ ಕಿವಿಗೊಟ್ಟು ಹೋಲಿಸಿ.

7. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ಪರೀಕ್ಷಿಸಿ

ಎಐ ಕೊಡುವ ಯಾವ ಲೆಕ್ಕವನ್ನೂ ನಂಬುವ ಮೊದಲು ನೀವೇ ಒಮ್ಮೆ ಮಾಡಿ ನೋಡಬಲ್ಲ ಲೆಕ್ಕವನ್ನು ಕೊಡಿ. ಬೆಂಗಳೂರಿಗರಿಗೆ ಇದಕ್ಕಿಂತ ಒಳ್ಳೆಯದು ಸಿಗದು: 30×40 ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಲೀಟರ್? ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 1,200 ಚದರ ಅಡಿ ಎಂದರೆ ಸುಮಾರು 111 ಚದರ ಮೀಟರ್. ಹಾಗಾಗಿ ಒಂದು ಜೋರು ಮಳೆಗೆ 5,500 ಲೀಟರಿನ ಆಸುಪಾಸು, ಒಂದು ಸಣ್ಣ ಟ್ಯಾಂಕರಿನಷ್ಟು. ಅಡಿ ಮೀಟರುಗಳ ನಡುವೆ ಎಐ ಜಾರಿದರೆ ತಕ್ಷಣ ಗೊತ್ತಾಗುತ್ತದೆ. ವರ್ಷಕ್ಕೆ 970 ಮಿಲಿಮೀಟರಿನಂತೆ, ನೂರಕ್ಕೆ ಎಂಬತ್ತು ಹಿಡಿದಿಟ್ಟರೂ 86,000 ಲೀಟರ್. 2009ರ ತಿದ್ದುಪಡಿಯಿಂದ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಆದರೂ ಮೇಲ್ತುದಿಯ ಎಷ್ಟು ತಾರಸಿಗಳ ಕೊಳವೆ ನೇರ ರಸ್ತೆಗೆ ಬಾಯಿಬಿಟ್ಟಿದೆ ಎಂದು ಎಣಿಸಿ ನೋಡಿ. ಇಸ್ತ್ರಿ ಅಂಗಡಿಗೆ ನುಗ್ಗುವ ನೀರಿನಲ್ಲಿ ಅವರ ಪಾಲೂ ಇದೆ, ನಮ್ಮ ಮನೆಯದ್ದೂ ಇತ್ತು.

ಆಮೇಲಿನ ಪರೀಕ್ಷೆ ಮನುಷ್ಯರದ್ದು. ಬರೆದದ್ದನ್ನು ಹೇಳಿದವರ ಮುಂದೆ ಗಟ್ಟಿಯಾಗಿ ಓದಿ. ‘ನಾನು ಹಂಗೆ ಅಂದಿಲ್ಲ’ ಎಂದರೆ ಅವರ ಮಾತೇ ಕೊನೆ. ಹೀಗೆ ಓದುವಾಗ ಅವರಿಗೆ ಇನ್ನೊಂದು ವಿಷಯ ನೆನಪಾಗುವುದೂ ಉಂಟು. ನಮ್ಮ ದಫ್ತರದ ಅತಿ ಉಪಯುಕ್ತ ಸಾಲು, ಎದುರುಗಡೆಯ ಮೋರಿಗೆ ಕಲ್ಲುಚಪ್ಪಡಿ ಹಾಕಿದ ಮೇಲೆಯೇ ನೀರು ನಿಲ್ಲಲು ಶುರುವಾದದ್ದು ಎಂಬುದು, ಬಂದದ್ದು ಎರಡನೇ ಓದಿನಲ್ಲಿ.

8. ಯಾರಿಗೆ ಕೇಡಾಗಬಹುದು ಎಂದು ಯೋಚಿಸಿ

ಇಲ್ಲಿ ನಿಧಾನವಾಗಿ ಹೋಗಬೇಕು. ನೀರು ನುಗ್ಗುವ ಮನೆಗಳನ್ನು ನಕ್ಷೆಯಲ್ಲಿ ಚುಕ್ಕಿ ಇಟ್ಟು ತೋರಿಸುವುದು ಮೊದಲ ನೋಟಕ್ಕೆ ಒಳ್ಳೆಯ ಕೆಲಸ. ಆದರೆ ರಾಜಕಾಲುವೆಯ ದಡದಲ್ಲಿ ಇರುವವರಲ್ಲಿ ಬಡವರು ಬಹಳ. ಆ ಚುಕ್ಕಿಗಳನ್ನೇ ಒತ್ತುವರಿಯ ಪಟ್ಟಿ ಎಂದು ಯಾರಾದರೂ ಓದಿದರೆ? ಬಾಡಿಗೆಯವಳು ದೂರು ಹೇಳಿದಳೆಂದು ಮನೆ ಮಾಲೀಕರು ಖಾಲಿ ಮಾಡಿಸಿದರೆ? ಮೇಲ್ತುದಿಯವರು ಹಿಂದಿನ ದಿಡ್ಡಿಬಾಗಿಲಿಂದ ನೀರು ಬಿಟ್ಟದ್ದನ್ನು ಹೇಳಿದ ವಾಚ್‌ಮನ್ ಕೆಲಸ ಕಳೆದುಕೊಂಡರೆ? ಎಐ ಇಂಥ ಅಪಾಯವನ್ನು ತಾನಾಗಿ ಹೇಳುತ್ತದೆ ಎಂದು ನಂಬುವ ಹಾಗಿಲ್ಲ, ನಾಲ್ಕು ವಿವರ ಜೋಡಿಸಿ ಆಳು ಯಾರೆಂದು ಹೊರಗೆಡಹುವುದು ಮಾತ್ರ ಅದಕ್ಕೆ ಸುಲಭ.

ಅದಕ್ಕೆ ನಾವು ಪಾಲಿಸುವುದು ಇಷ್ಟು. ಮನೆಗೆ ಚುಕ್ಕಿ ಇಡುವುದಿಲ್ಲ, ಹತ್ತಿರದ ಬೀದಿಮೂಲೆಗೋ ದೀಪದ ಕಂಬಕ್ಕೋ ಇಡುತ್ತೇವೆ. ಹೆಸರಿನ ಜಾಗದಲ್ಲಿ ‘ನಿವಾಸಿ 7’. ಕೆಲಸದ ಹೆಸರಿನಿಂದಲೂ ಆಳು ಗೊತ್ತಾಗುವ ಹಾಗಿದ್ದರೆ ಅದನ್ನೂ ತೆಗೆಯುತ್ತೇವೆ. ಮುಖ, ವಾಹನದ ನಂಬರ್, ಮನೆಯ ಬಾಗಿಲು ಕಾಣುವ ಫೋಟೊ ಹಾಕುವುದಿಲ್ಲ. ಫೋನ್ ಫೋಟೊದೊಳಗೆ ಜಾಗದ ಗುರುತು ಅಡಗಿರುತ್ತದೆ, ಅದನ್ನು ಕಳೆದು ಕಳಿಸಿ. ಆಧಾರ್, ರೇಷನ್ ಕಾರ್ಡ್, ಬಾಡಿಗೆ ಕರಾರಿನ ಚಿತ್ರಗಳನ್ನು ಯಾವ ಎಐಗೂ ಹಾಕಬೇಡಿ, ‘ಪರಿಹಾರದ ಅರ್ಜಿ ಬರೆದುಕೊಡುತ್ತೆ’ ಎಂದು ಯಾರೇ ಹೇಳಿದರೂ. ಕಾಗದ ಹೊರಗೆ ಹೋಗುವ ಮೊದಲು ತಗ್ಗಿನವರನ್ನೇ ಕೂರಿಸಿ ಕೇಳುತ್ತೇವೆ. ಒಂದು ಜಾಗವನ್ನು ಪೂರ್ತಿ ಬಿಡಿ ಎಂದು ಅವರು ಹೇಳಿದಾಗ ಬಿಟ್ಟಿದ್ದೇವೆ. ದಫ್ತರ ಅಷ್ಟರ ಮಟ್ಟಿಗೆ ಅಪೂರ್ಣವಾಗಿ ಇರಲಿ.

9. ಕಚೇರಿ ಓದುವ ಕಾಗದ

ಒಂದು ಹಾಳೆಯ ಕೋಷ್ಟಕ ಸಾಕು: ದಿನಾಂಕ, ಮಾಪಕದ ಮಳೆ, ಜಾಗ, ನೀರಿನ ಎತ್ತರ, ನಿಂತ ಹೊತ್ತು, ಎಷ್ಟು ಜನ ಹೇಳಿದರು. ಜತೆಗೆ ಅರ್ಧ ಪುಟದ ಅರ್ಜಿ. ಅರ್ಜಿಯ ಕರಡನ್ನು ಎಐ ಕೈಲಿ ಬರೆಸಬಹುದು, ಆದರೆ ಸರ್ಕಾರಿ ಕನ್ನಡದ ಹೊಟ್ಟು ತೂರಿ ತೆಗೆಯಿರಿ. ವಿಳಾಸವನ್ನಂತೂ ನೀವೇ ನೋಡಿ ಬರೆಯಿರಿ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳಾದವು. ಹಳೆಯ ಮಾಹಿತಿ ಉಂಡಿರುವ ಎಐ ಇನ್ನೂ ಬಿಬಿಎಂಪಿ ಆಯುಕ್ತರಿಗೇ ಬರೆಯಬಹುದು.

ನಿಂತದ್ದು ಮಳೆನೀರೋ ಒಳಚರಂಡಿ ನೀರೋ ಎಂದು ಬೇರ್ಪಡಿಸಿ. ಮಳೆನೀರಿನ ಕಾಲುವೆ ಪಾಲಿಕೆಯ ಕೆಲಸ, ದೂರಿಗೆ 1533. ಒಳಚರಂಡಿ ಜಲಮಂಡಳಿಯದ್ದು, 1916. ಇಲ್ಲಿ ತಪ್ಪಿದರೆ ಅರ್ಜಿ ಆರು ತಿಂಗಳು ಎರಡು ಕಚೇರಿಗಳ ನಡುವೆ ಓಡಾಡುತ್ತದೆ. ದೂರಿನ ನಂಬರನ್ನು ದಫ್ತರದಲ್ಲೇ ಬರೆದಿಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ, ಅರ್ಜಿಯ ಮೇಲೆ ಏನು ಕ್ರಮ ಆಯಿತೆಂದು ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

10. ಮಾತು ಕೊಟ್ಟವರಿಗೆ ಮರಳಿಸಿ

ಸಂಗ್ರಹಿಸಿದ್ದು ಮೊದಲು ತಲುಪಬೇಕಾದ್ದು ತಗ್ಗಿನವರಿಗೆ. ನಮ್ಮ ಮೂರು ಮಳೆಗಳ ಕೋಷ್ಟಕ ನೋಡಿದಾಗ, ಗಂಟೆಯೊಳಗೆ 25 ಮಿಲಿಮೀಟರ್ ದಾಟಿದರೆ ಕೆಳಮೂಲೆಯಲ್ಲಿ ನೀರು ನಿಲ್ಲುತ್ತದೆ ಎಂದು ಕಂಡಿತು. ಮೂರೇ ಮಳೆಯ ಮಾತು, ಮುಂದೆ ಬದಲಾದೀತು. ಅಷ್ಟಕ್ಕೇ ಒಂದು ಕರೆಸರಪಳಿ ಮಾಡಿದ್ದೇವೆ. ಮೇಘ ಸಂದೇಶದಲ್ಲಿ ಜೋರು ಮಳೆಯ ಸೂಚನೆ ಕಂಡ ಕೂಡಲೇ ಒಬ್ಬರು ಮೂವರಿಗೆ, ಆ ಮೂವರು ಮತ್ತೆ ಮೂವರಿಗೆ ಕರೆ ಮಾಡುತ್ತಾರೆ. ಕೀಪ್ಯಾಡ್ ಫೋನಿಗೂ ತಲುಪುತ್ತದೆ. ಕನ್ನಡದಲ್ಲಿ ಮಾತಾಡುವ ಎಐ ದನಿಯಲ್ಲಿ ತಾನಾಗಿ ಕರೆ ಹೋಗುವಂತೆ ಮಾಡಬಹುದೆಂದು ಹುಡುಗರು ಹೇಳಿದರು. ಬೇಡವೆಂದೆವು. ರಾತ್ರಿ ಹತ್ತಕ್ಕೆ ಗೊತ್ತಿರುವ ದನಿ ‘ಅಜ್ಜಿ, ಗಂಟು ಮೇಲಿಡಿ’ ಅಂದರೆ ಅಜ್ಜಿ ಏಳುತ್ತಾರೆ.

ಕಚೇರಿಗೆ ಕಾಯದೆ ಮಾಡಬಹುದಾದ್ದೂ ದಫ್ತರದಿಂದಲೇ ಕಂಡಿತು. ಮೇಲ್ತುದಿಯ ಅಪಾರ್ಟ್‌ಮೆಂಟಿನವರ ಮುಂದೆ ಆ 5,500 ಲೀಟರಿನ ಲೆಕ್ಕ ಇಟ್ಟೆವು. ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿ ತೋಡಿಸುವ ಮಾತು ಈಗ ಅವರ ಸಭೆಯಲ್ಲಿ ಇದೆ. ತೋಡುವುದಾದರೆ ಎಷ್ಟು ಆಳ, ಎಲ್ಲಿ ಎಂದು ಎಐಯನ್ನು ಕೇಳಬೇಡಿ. ಸರ್ಜಾಪುರದ ಕಡೆಯ ಭೋವಿಪಾಳ್ಯದಲ್ಲಿ ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರಿದ್ದಾರೆ. ಅವರನ್ನು ಕರೆಸಿ, ಮಣ್ಣು ಮುಟ್ಟಿಸಿ, ಕೂಲಿ ಕೊಟ್ಟು ಕೇಳಿ.

ಬೆಂಗಳೂರಿಗೆ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ಮೇ ತಿಂಗಳಲ್ಲೇ ಡಬ್ಬಿ ತಾರಸಿಗೇರಲಿ, ಗೋಡೆಗೆ ಗೆರೆ ಬೀಳಲಿ, ತಗ್ಗಿನ ಹತ್ತು ಜನರ ಹೆಸರು ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇರಲಿ. ಎಐಗೆ ಕೆಲಸ ಬರುವುದು ಮೊದಲ ಜೋರು ಮಳೆಯ ಮಾರನೆಯ ದಿನ. ನಮ್ಮ ದಫ್ತರದ ಒಂದು ಪ್ರತಿ ಇಸ್ತ್ರಿ ಅಂಗಡಿಯ ಮೊಳೆಯಲ್ಲಿ ತೂಗುತ್ತಿದೆ. ಹೋದ ಸಲ ಹೋದಾಗ ಅಣ್ಣ ಅದರಲ್ಲಿ ಒಂದು ಅಂಕಿಯನ್ನು ಪೆನ್ಸಿಲಿನಲ್ಲಿ ಹೊಡೆದು ಪಕ್ಕದಲ್ಲಿ ಬೇರೆ ಬರೆದಿದ್ದರು. ಟೇಪ್ ಹಿಡಿದು ನೋಡಿದೆವು, ಅವರದ್ದೇ ಸರಿ.